ಕುರಾಂಗ್ ಮೈದಾನದ ತಲೆಎಣಿಕೆ

ಕುರಾಂಗ್ ಫುಟ್‌ಬಾಲ್ ಕ್ಲಬ್ಬಿನ ವೈಭವಕ್ಕೆ ಕಾರಣ ಬೆಣ್ಣೆ. ಈ ಮಾತನ್ನು ಊರಿನಲ್ಲಿ ಗಟ್ಟಿಯಾಗಿ ಹೇಳುವ ಧೈರ್ಯ ಇದ್ದದ್ದು ಮಿಸ್ ಎನಿಡ್ ಪ್ರೌಡ್‌ಫುಟ್ ಒಬ್ಬರಿಗೇ. ಉಳಿದವರು ಕ್ಲಬ್ಬಿನ ಗೋಡೆಯ ಮೇಲಿನ ಹನ್ನೊಂದು ಗೆಲುವಿನ ಪತಾಕೆಗಳನ್ನು ತೋರಿಸಿ, ಶೀಲ ಎನ್ನುತ್ತಿದ್ದರು, ಕೆಚ್ಚು ಎನ್ನುತ್ತಿದ್ದರು, ನಮ್ಮ ಮಣ್ಣಿನ ಗುಣ ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಮೂವತ್ತೊಂದು ವರ್ಷ ಆ ಊರಿನ ಮಕ್ಕಳಿಗೆ ಕೂಡುವುದನ್ನೂ ಕಳೆಯುವುದನ್ನೂ ಕಲಿಸಿದ್ದ ಮಿಸ್ ಪ್ರೌಡ್‌ಫುಟ್ ಅವರಿಗೆ ಈ ಎದೆ ತಟ್ಟುವಿಕೆಯನ್ನು ಕಂಡರೆ ಮೈ ಉರಿಯುತ್ತಿತ್ತು.

ಸಂಗತಿ ಸರಳವಾಗಿತ್ತು. ಊರಿನ ಬೆಣ್ಣೆ ಕಾರ್ಖಾನೆಯ ಮ್ಯಾನೇಜರನಿಗೆ ಫುಟ್‌ಬಾಲಿನ ಹುಚ್ಚು; ಚೆಂಡನ್ನು ಒದೆಯುವುದಷ್ಟೇ ಅಲ್ಲ, ಎಗರಿ ಕೈಯಲ್ಲೂ ಹಿಡಿಯುವ ಆ ಸೀಮೆಯ ಫುಟ್‌ಬಾಲು. ಕೆಲಸ ಕೇಳಿಕೊಂಡು ಬಂದವನನ್ನು ಅವನು ಬಾಗಿಲಿನ ಚೌಕಟ್ಟಿನಡಿ ನಿಲ್ಲಿಸುತ್ತಿದ್ದ. ತಲೆ ಮೇಲಿನ ಅಡ್ಡಪಟ್ಟಿಗೆ ತಗುಲಿದರೆ ಕೆಲಸ ಖಾತ್ರಿ. ಬೆಣ್ಣೆ ಪೊಟ್ಟಣ ಕಟ್ಟುವುದಕ್ಕೆ ಆರೂಕಾಲು ಅಡಿಯ ಮನುಷ್ಯರು ಏಕೆ ಬೇಕೆಂದು ಇಪ್ಪತ್ತೆರಡು ವರ್ಷ ಯಾರೂ ಕೇಳಲಿಲ್ಲ. ಆಮೇಲೆ ಕಾರ್ಖಾನೆ ಮುಚ್ಚಿತು. ಎತ್ತರದವರೆಲ್ಲ ಹೆಂಡಿರು ಮಕ್ಕಳೊಂದಿಗೆ ಊರು ಬಿಟ್ಟರು. ಪಕ್ಕದ ಡನ್‌ಬಾರಾದಲ್ಲಿ ಮಾಂಸದ ಕಾರ್ಖಾನೆ ತೆರೆಯಿತು. ಮರುವರ್ಷವೇ ಶೀಲ, ಕೆಚ್ಚು, ಮಣ್ಣಿನ ಗುಣ ಮೂರೂ ಗಂಟುಮೂಟೆ ಕಟ್ಟಿಕೊಂಡು ಮೂವತ್ತನಾಲ್ಕು ಕಿಲೋಮೀಟರ್ ಪಶ್ಚಿಮಕ್ಕೆ ಮನೆ ಬದಲಾಯಿಸಿದವು. ಕುರಾಂಗ್ ಜನ ಮಾತ್ರ ತಮ್ಮ ಪತನಕ್ಕಾಗಿ ಮೊದಲು ಅಂಪೈರರನ್ನು ಬೈದರು, ನಂತರ ಟೀವಿಯನ್ನು ಬೈದರು, ಕೊನೆಗೆ ಈಗಿನ ಕಾಲದ ಹುಡುಗರ ಕೂದಲನ್ನು ಬೈದರು. ಬಾಗಿಲಿನ ಚೌಕಟ್ಟನ್ನು ಯಾರೂ ನೆನೆಯಲಿಲ್ಲ.

ಹೀಗೆ ಹದಿನಾಲ್ಕು ವರ್ಷ ಕಳೆದು, ಸುತ್ತಲ ಊರುಗಳ ಫುಟ್‌ಬಾಲ್ ಸಂಘದ ಕಚೇರಿಯಿಂದ ಒಂದು ಪತ್ರ ಬಂದಿತ್ತು. ಮೂರು ಹಂಗಾಮುಗಳಿಂದ ಕುರಾಂಗ್ ಒಂದು ಆಟವನ್ನೂ ಗೆದ್ದಿಲ್ಲ. ಈ ಹಂಗಾಮು ಮುಗಿಯುವುದರೊಳಗೆ ಒಂದನ್ನಾದರೂ ಗೆಲ್ಲದಿದ್ದರೆ ಕ್ಲಬ್ಬನ್ನು ಪಟ್ಟಿಯಿಂದ ತೆಗೆಯಲಾಗುವುದು. ಕೊನೆಯ ಆಟದ ದಿನವೇ ಆಸ್ತಿಯ ಪಟ್ಟಿ ಮಾಡಿ ಸಂಘದ ಪ್ರತಿನಿಧಿಗೆ ಒಪ್ಪಿಸತಕ್ಕದ್ದು. ತಂಡದ ವ್ಯವಸ್ಥಾಪಕಿಯಾಗಿದ್ದ ಮಿಸ್ ಪ್ರೌಡ್‌ಫುಟ್ ಪತ್ರವನ್ನು ಸಭೆಯಲ್ಲಿ ಓದಿ, ಅದರ ಎರಡು ವ್ಯಾಕರಣ ದೋಷಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಗೋಡೆಗೆ ಅಂಟಿಸಿದರು. ಅರವತ್ತೆಂಟರ ಆ ಹೆಂಗಸಿಗೆ ಶನಿವಾರವೆಂದರೆ ಆ ಕ್ಲಬ್ಬು. ಅದಿಲ್ಲದ ಶನಿವಾರವನ್ನು ಊಹಿಸಲು ಹೋಗಿ ಎರಡು ರಾತ್ರಿ ನಿದ್ರೆಗೆಟ್ಟಿದ್ದರು. ಅದನ್ನು ಅವರು ಯಾರಿಗೂ ಹೇಳಲಿಲ್ಲ.

ಕೊನೆಯ ಆಟ ಡನ್‌ಬಾರಾದ ಮೇಲೆ, ಕುರಾಂಗ್ ಮೈದಾನದಲ್ಲೇ ಬಿತ್ತು. ದೈವ ಒಲಿದದ್ದು ಬ್ರಾಂದಿಯ ರೂಪದಲ್ಲಿ. ಹಿಂದಿನ ದಿನ ಡನ್‌ಬಾರಾದ ಆಟಗಾರನೊಬ್ಬನ ಮದುವೆಯಾಗಿ, ಚಾಂಪಿಯನ್ನರಲ್ಲಿ ಅರ್ಧ ಜನ ಎರಡೆರಡು ಚೆಂಡು ನೋಡುತ್ತ ಮೈದಾನಕ್ಕಿಳಿದಿದ್ದರು. ಇಪ್ಪತ್ತಿಪ್ಪತ್ತು ನಿಮಿಷಗಳ ನಾಲ್ಕು ಕ್ವಾರ್ಟರಿನ ಆಟದಲ್ಲಿ ಮೂರು ಮುಗಿದಾಗ ಕುರಾಂಗ್ ನಲವತ್ತೆಂಟು, ಡನ್‌ಬಾರಾ ನಲವತ್ತೈದು. ಬೇಲಿಯ ಸುತ್ತ ನಿಂತಿದ್ದ ಕಾರುಗಳೂ ಪಿಕಪ್ಪುಗಳೂ ಒಂದೇ ಸಮನೆ ಹಾರನ್ ಬಾರಿಸಿದವು. ಪೆಪ್ಪರ್ ಮರದಲ್ಲಿದ್ದ ಮ್ಯಾಗ್‌ಪೈ ಹಕ್ಕಿಗಳು ಗಾಬರಿಯಿಂದ ಎದ್ದು ಹೋದವು. ಆ ಸದ್ದು ಅವುಗಳ ತಲೆಮಾರಿಗೆ ಹೊಸದು.

ಮೂರನೆಯ ಕ್ವಾರ್ಟರ್ ಮುಗಿದೊಡನೆ ಊರಿಗೆ ಊರೇ ಮೈದಾನದ ನಡುವಿಗೆ ನಡೆದು ತರಬೇತುದಾರನ ಮಾತು ಕೇಳುವುದು ಅಲ್ಲಿನ ರೂಢಿ. ಅಜ್ಜಂದಿರು, ಕೂಸುಗಳು, ಬಿಸಿ ಮಾಂಸದ ಪೈ ತಿನ್ನುತ್ತಿದ್ದವರು, ಮೂರು ನಾಯಿಗಳು, ಎಲ್ಲರೂ ಹೋದರು. ತರಬೇತುದಾರ ಬಾರ್ನಿ ಟ್ರೆಜೈಸ್ ಕುರಿ ಉಣ್ಣೆ ಕತ್ತರಿಸುವ ಗುತ್ತಿಗೆದಾರ. ಅವನ ದನಿ ಸಾವಿರ ಕುರಿಗಳ ಮೇಲೆ ಪಳಗಿದ್ದು.

"ಲೇ, ಅವರ ಬಾಯಿ ವಾಸ್ನೆ ನೋಡ್ರೋ! ನಿಂತ್ಕೊಳ್ಳೋಕೇ ಆಗ್ತಿಲ್ಲ ನನ್ಮಕ್ಳಿಗೆ! ಈಗ ಗೆಲ್ಲದಿದ್ರೆ ಇನ್ಯಾವಾಗ್ರೋ? ನೆವ್! ನೀನ್ ಇಳಿ ಒಳಗೆ. ಡಗ್ಗಿ, ನೀನ್ ಆಚೆ ಬಾ. ಡಗ್ಗಿ ಎಲ್ರೋ?"

ಡಗ್ಗಿ ಗುಂಪಿನ ಆ ತುದಿಯಲ್ಲಿ ತನ್ನ ಕೂಸಿನ ಮೂಗು ಒರೆಸುತ್ತಿದ್ದ. ಅವನಿಗೆ ಕೇಳಿಸಲಿಲ್ಲ. ನೆವ್ ಸ್ಕಲಿಗೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ನಲವತ್ತೈದು ವರ್ಷದ ನೆವ್ ಬೆಣ್ಣೆ ಕಾಲದ ಕೊನೆಯ ಉಳಿಕೆ; ಎತ್ತರದವರು ಹೊರಟಾಗ ತಾಯಿಗಾಗಿ ಉಳಿದುಕೊಂಡು, ಈಗ ಸ್ಮಶಾನದ ಹುಲ್ಲು ಕತ್ತರಿಸಿಕೊಂಡಿದ್ದ. ಪಟ್ಟಿಯಲ್ಲಿ ಹೆಸರು ತುಂಬಲೆಂದು ಅವನನ್ನು ಸೇರಿಸಿದ್ದರು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಅವನು ಮೈದಾನಕ್ಕೆ ಓಡಿದ ರೀತಿ, ಅಲಮಾರು ಕಾಲು ಮೂಡಿ ಹೊರಟಂತಿತ್ತು.

ನಾಲ್ಕನೆಯ ಕ್ವಾರ್ಟರಿನಲ್ಲಿ ಎಂಟು ನಿಮಿಷ ಕಳೆಯುವುದರೊಳಗೆ ನೆವ್ ಗೋಲು ಹೊಡೆದ. ಎಡಗಾಲಿನಿಂದ, ಓಡುತ್ತಲೇ, ಎರಡು ಎತ್ತರದ ಕಂಬಗಳ ನಡುವೆ, ಆರು ಅಂಕ. ಮತ್ತೊಬ್ಬ ಇನ್ನೊಂದು ಗೋಲು ಹೊಡೆದ. ಡನ್‌ಬಾರಾದವರ ಎರಡು ಹೊಡೆತ ಆ ಕಂಬಗಳ ಪಕ್ಕಕ್ಕೆ ಸರಿದು ಒಂದೊಂದೇ ಅಂಕ ತಂದವು. ಅರವತ್ತು, ನಲವತ್ತೇಳು. ಪೈ ಅಂಗಡಿಯ ಮುದುಕಿಯೊಬ್ಬಳು ಅಳತೊಡಗಿದಳು.

ಮಿಸ್ ಪ್ರೌಡ್‌ಫುಟ್ ಅವರಿಗೆ ಸಂತೋಷವಾದಾಗ ತಲೆ ಎಣಿಸುವ ಅಭ್ಯಾಸ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ಮೂವತ್ತೊಂದು ವರ್ಷಗಳು ಬಿಟ್ಟುಹೋದ ಚಟವದು. ಎಣಿಸಿದರು. ಕನ್ನಡಕ ಒರೆಸಿ ಮತ್ತೆ ಎಣಿಸಿದರು. ಮೈದಾನದಲ್ಲಿ ಹದಿನೆಂಟೇ ಜನರಿರಬೇಕಾದ ಕುರಾಂಗ್ ತಂಡದಲ್ಲಿ ಹತ್ತೊಂಬತ್ತು ಜನರಿದ್ದರು.

ಬಾರ್ನಿಯ ತೋಳು ಹಿಡಿದು ಎಳೆದರು. "ಬಾರ್ನಿ, ಡಗ್ಗಿ ಇನ್ನೂ ಒಳಗಿದಾನೆ. ಹತ್ತೊಂಬತ್ ಜನ."

ಬಾರ್ನಿಯ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕಳ್ಳನಂತಾಯಿತು. "ಶ್! ಮೆಲ್ಲಗೆ ಮಿಸ್. ಯಾರಿಗಾದ್ರೂ ಹೇಳಿದ್ರಾ?"

"ನಿಂಗೇ ಮೊದ್ಲು."

"ನಂಗೇ ಕೊನೆ ಆಗ್ಲಿ. ಡಗ್ಗೀನ ಹಂಗೇ ಜಾರಿಸ್ತೀನಿ. ಮುಗೀತು ಕಥೆ."

"ಮತ್ತೆ ಆ ಹನ್ನೆರಡು ಅಂಕ?"

"ಅವು ಬೋರ್ಡ್ ಮೇಲೆ ಚೆನ್ನಾಗ್ ಕಾಣ್ತಿವೆ ಮಿಸ್, ಅಲ್ಲೇ ಇರ್ಲಿ ಪಾಪ! ನಿಯಮ ಗೊತ್ತಲ್ಲ ನಿಮಗೆ?"

ಗೊತ್ತಿತ್ತು. ಎದುರು ತಂಡದ ನಾಯಕ ಕೇಳಿದರೆ ಅಂಪೈರ್ ಆಟ ನಿಲ್ಲಿಸಿ ತಲೆ ಎಣಿಸಬೇಕು; ಹದಿನೆಂಟಕ್ಕಿಂತ ಒಬ್ಬ ಹೆಚ್ಚಿದ್ದರೂ ಆ ತಂಡ ಅಲ್ಲಿಯವರೆಗೆ ಗಳಿಸಿದ್ದೆಲ್ಲ ಸೊನ್ನೆ. ನಾಯಕ ಕೇಳದಿದ್ದರೆ ಅಂಪೈರನಿಗೆ ಕಣ್ಣಿಲ್ಲ, ನಿಯಮಕ್ಕೆ ಬಾಯಿಲ್ಲ.

"ಕ್ಲಬ್ ಉಳಿಯತ್ತೆ ಮಿಸ್," ಎಂದ ಬಾರ್ನಿ, ಈ ಸಲ ಬೇಡುವ ದನಿಯಲ್ಲಿ. "ನಿಮ್ ಕ್ಲಬ್ಬು ಕೂಡ."

ಅದೇ ಅವರನ್ನು ಚುಚ್ಚಿತು. ಲೆಕ್ಕದಲ್ಲಿ ಒಂದನ್ನು ಸುಮ್ಮನೆ ನುಂಗಿದ ಮಕ್ಕಳನ್ನು ಅವರು ಊಟದ ಬಿಡುವಿನಲ್ಲಿ ಬೆಂಚಿನ ಮೇಲೆ ಕೂರಿಸಿದ್ದರು. ಹಾಗೆ ಕುಳಿತವರಲ್ಲಿ ಅರ್ಧ ಜನ ಈಗ ಆ ಮೈದಾನದಲ್ಲಿ ಓಡುತ್ತಿದ್ದರು. ಹತ್ತು ವರ್ಷದ ಮಗುವಿಗೊಂದು ಸತ್ಯ, ತನ್ನ ಶನಿವಾರಕ್ಕೊಂದು ಸತ್ಯ ಎಂದು ಎರಡು ಇಟ್ಟುಕೊಂಡವರು ಮೇಷ್ಟರಲ್ಲ, ವ್ಯಾಪಾರಿಗಳು. ಅವರು ನೀರಿನ ಬಾಟಲಿಗಳ ಬುಟ್ಟಿ ಎತ್ತಿಕೊಂಡು ಬೇಲಿಯ ಒಳಗೆ ನಡೆದರು.

ಡನ್‌ಬಾರಾದ ನಾಯಕ ರಸೆಲ್ ಪಿಕರಿಂಗ್ ಕುರಾಂಗಿನಲ್ಲೇ ಹುಟ್ಟಿ, ಕೆಲಸಕ್ಕಾಗಿ ಮಾಂಸದ ಕಾರ್ಖಾನೆಗೆ ಹೋದವನು. ಚೆಂಡು ಆ ತುದಿಯಲ್ಲಿತ್ತು. ಈ ತುದಿಯಲ್ಲಿ ಅವನು ಮೊಣಕಾಲ ಮೇಲೆ ಕೈಯೂರಿ, ಮದುವೆಯೂಟವನ್ನು ಹುಲ್ಲಿಗೆ ಹಿಂದಿರುಗಿಸುವುದೋ ಬೇಡವೋ ಎಂದು ಯೋಚಿಸುತ್ತಿದ್ದ.

"ಮಿಸ್? ನೀವ್ಯಾಕ್ ನೀರು ತಂದ್ರಿ?"

"ಕುಡಿ. ಆಮೇಲೆ ನಮ್ಮೋರನ್ನ ಎಣಿಸು."

ರಸೆಲ್ ಬೆರಳು ಮಡಿಸುತ್ತ ಎಣಿಸಿದ. ಹದಿನೇಳರಲ್ಲಿ ತಪ್ಪಿತು, ಶಾಲೆಯಲ್ಲೂ ಅವನಿಗೆ ಅಲ್ಲೇ ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ ಎಣಿಸಿ ಬಾಯಿ ತೆರೆದ. "ಅಯ್ಯೋ. ಹತ್ತೊಂಬತ್ತು."

"ಅಂಪೈರ್‌ಗೆ ಹೇಳು."

"ಊಹೂಂ. ಹೇಳಲ್ಲ."

"ಯಾಕೋ?"

"ಚಾಡಿ ಹೇಳ್ಬಾರ್ದು ಅಂತ ನೀವೇ ಕಲ್ಸಿದ್ದು. ಕಿವಿ ಹಿಂಡಿ ಕಲ್ಸಿದ್ರಿ, ಇನ್ನೂ ನೆನ್ಪಿದೆ."

ಪಾಠ ಇಷ್ಟು ಚೆನ್ನಾಗಿ ಹತ್ತೀತೆಂದು ಮಿಸ್ ಪ್ರೌಡ್‌ಫುಟ್ ನಿರೀಕ್ಷಿಸಿರಲಿಲ್ಲ. "ಇದು ಚಾಡಿ ಅಲ್ಲ. ತಂಡದ ಹಾಳೆ ಮೇಲೆ ನನ್ ಸಹಿ ಇದೆ. ನನ್ ತಪ್ಪು ನಾನೇ ಹೇಳ್ತಿದೀನಿ."

"ನಮ್ಮಪ್ಪ ಈ ಮೈದಾನದಲ್ಲಿ ಇನ್ನೂರಾಟ ಆಡಿದಾನೆ ಮಿಸ್. ಈ ಕ್ಲಬ್ಬನ್ನ ನನ್ ಕೈಯಲ್ಲೇ ಕೊಲ್ಲಿಸ್ತೀರಾ?" ರಸೆಲ್ ಸುತ್ತ ನೋಡಿ ದನಿ ತಗ್ಗಿಸಿದ. "ಹೋದ್ ವರ್ಷದ ಫೈನಲ್ ನೋಡಿದ್ರಲ್ಲ? ಕೊನೇಲಿ ನಾವೂ ಹತ್ತೊಂಬತ್ ಜನ ಇದ್ವಿ. ಹದಿನೈದ್ ನಿಮಿಷ. ಯಾರೂ ಎಣಿಸ್ಲಿಲ್ಲ. ಕಪ್ಪು ನಮ್ ಬಾರಿನ ಕಪಾಟಲ್ಲಿ ಕೂತಿದೆ. ಇವತ್ತು ಇದು ನಿಮಗೆ. ಲೆಕ್ಕ ಸರಿಹೋಯ್ತು, ಬಿಡಿ."

ಇಂಥ ಸವಿಯಾದ ನೆಪವನ್ನು ಅವರ ಮುಂದೆ ಯಾರೂ ಎಂದೂ ಹಿಡಿದಿರಲಿಲ್ಲ. ಚಾಂಪಿಯನ್ನರೇ ಕಳ್ಳರು, ಸೋತವರು ಒಂದು ಸಲ ಕದ್ದರೆ ಏನಂತೆ? ಆಮೇಲೆ, ತಿಳಿಯದೆ ತಪ್ಪಿದವರೂ ತಿಳಿದು ಬಚ್ಚಿಟ್ಟವರೂ ಒಂದೇ ತಕ್ಕಡಿಯಲ್ಲಿ ಕೂರುತ್ತಿರುವುದನ್ನು ಕಂಡು ಸಿಟ್ಟು ಬಂತು. ಸಿಟ್ಟು ಅವರಿಗೆ ಯಾವಾಗಲೂ ಊರುಗೋಲು.

"ಹಂಗಾದ್ರೆ ಎರಡು ತಪ್ಪಾಯ್ತು ರಸೆಲ್. ಒಂದನ್ನ ಈಗ್ಲೇ ತಿದ್ದಬಹುದು. ಇನ್ನೊಂದು ನಿಂದು, ಮನೆಗೆ ಹೋಗಿ ತಿದ್ಕೋ. ಕೈ ಎತ್ತು."

"ನೀವು ಒಂಚೂರೂ ಬದ್ಲಾಗಿಲ್ಲ," ಎಂದು ಗೊಣಗಿ, ರಸೆಲ್ ತರಗತಿಯ ಕೊನೆಯ ಬೆಂಚಿನವನಂತೆ ಕೈ ಎತ್ತಿದ.

ಸೀಟಿ ಕೂಗಿತು. ಎರಡೂ ತಂಡಗಳು ಮೈದಾನದ ನಡುವೆ ಸಾಲಾಗಿ ನಿಂತವು. ಅಂಪೈರ್ ಒಬ್ಬೊಬ್ಬರ ಭುಜ ಮುಟ್ಟುತ್ತ ಬಂದ. ಡನ್‌ಬಾರಾದವರು ಹದಿನೆಂಟು, ಅವರಲ್ಲಿ ಒಬ್ಬ ನಿಂತಲ್ಲೇ ತೂಕಡಿಸುತ್ತಿದ್ದ. ಕುರಾಂಗಿನವರ ಸಾಲಿನ ತುದಿಯಲ್ಲಿ ನೆವ್ ಸ್ಕಲಿ ಎದೆಯುಬ್ಬಿಸಿ ನಿಂತಿದ್ದ. ತನಗೇನೋ ಪದಕ ಕೊಡುತ್ತಾರೆಂದು ಅವನು ತಿಳಿದಂತಿತ್ತು. ಅವನ ಭುಜದ ಮೇಲೆ ಬಿದ್ದ ಕೈ ಹತ್ತೊಂಬತ್ತನೆಯದು.

ಬೋರ್ಡಿನ ಮೇಲಿದ್ದ ತಗಡಿನ ಅರವತ್ತನ್ನು ಇಳಿಸಿ ಸೊನ್ನೆ ತೂಗುಹಾಕಿದಾಗ ಒಂದು ಹಾರನ್ನೂ ಮೊಳಗಲಿಲ್ಲ. ಆಮೇಲೆ ಬೇಲಿಯ ಸುತ್ತ ಕೂಗಾಟ ಒಟ್ಟಿಗೆ ಶುರುವಾಯಿತು.

"ಮಿಸ್ಸು, ಗಣಿತಕ್ಕೆ ನೂರಕ್ಕೆ ನೂರು!"

"ಡನ್‌ಬಾರಾದೋರು ಏನ್ ಕೊಟ್ರು ಮಿಸ್, ಕಾಲು ಕೇಜಿ ಮಾಂಸಾನಾ?"

"ಎಣಿಸ್ಬೇಕಂದ್ರೆ ಮನೇಲಿ ಕೋಳಿ ಎಣಿಸ್ಕೊಂಡಿರ್ಬೇಕಿತ್ತು!"

ಉಳಿದ ಹನ್ನೆರಡು ನಿಮಿಷ ಕುರಾಂಗ್ ತಂಡ ಹದಿನಾಲ್ಕು ವರ್ಷಗಳಲ್ಲಿ ಆಡದಷ್ಟು ಚೆನ್ನಾಗಿ ಆಡಿತು. ಕೋಪಕ್ಕೂ ಕಾಲು ಬರುತ್ತದೆ. ಮೂರು ಗೋಲು ಹೊಡೆದರು, ಜೊತೆಗೆ ಎರಡು ಒಂಟಿ ಅಂಕ ಗಳಿಸಿದರು. ಸಾಲಲಿಲ್ಲ. ಇಪ್ಪತ್ತು, ಐವತ್ತಮೂರು. ಡನ್‌ಬಾರಾದವರು ತಮ್ಮ ಗೆಲುವಿನ ಹಾಡನ್ನು ಅಪಸ್ವರದಲ್ಲಿ ಹಾಡಿದರು. ರಸೆಲ್ ಹಾಡಲಿಲ್ಲ, ತನ್ನ ಕ್ಲಬ್ಬಿನ ಅಧ್ಯಕ್ಷನನ್ನು ಮೂಲೆಗೆ ಕರೆದು ಹೋದ ವರ್ಷದ ಫೈನಲ್ಲಿನ ಸಂಗತಿ ಹೇಳಿದ. ಅಧ್ಯಕ್ಷ ಮುಗುಳುನಕ್ಕು, "ಯಾವ ಫೈನಲ್ಲೋ?" ಎಂದು ಕೇಳಿ ಬಿಯರ್ ತರಲು ಹೋದ. ಕ್ಲಬ್ಬುಗಳು ಮೇಲೇರುವುದು ಹೀಗೆ. ಇದಕ್ಕೂ ಅವರು ಶೀಲವೆಂದೇ ಹೆಸರಿಟ್ಟುಕೊಳ್ಳುತ್ತಾರೆ.

ಪೈ ಅಂಗಡಿಯಲ್ಲಿ ಮಿಸ್ ಪ್ರೌಡ್‌ಫುಟ್ ಅವರಿಗೆ, "ಚಹಾ ಮುಗೀತು," ಎಂಬ ಉತ್ತರ ಸಿಕ್ಕಿತು. ಪಾತ್ರೆಯಿಂದ ಹಬೆ ಏಳುತ್ತಿತ್ತು. ಅವರು ತಲೆಯಾಡಿಸಿ ಆಟಗಾರರ ಕೋಣೆಗೆ ಹೋದರು. ಆಸ್ತಿಯ ಪಟ್ಟಿ ಇನ್ನೂ ಬರೆಯಬೇಕಿತ್ತು. ಸಂಘದ ಪ್ರತಿನಿಧಿ ಕಾರಿಗೊರಗಿ ಗಡಿಯಾರ ನೋಡಿಕೊಳ್ಳುತ್ತಿದ್ದ.

ಚೆಂಡುಗಳು ಒಂಬತ್ತು, ಕಂಬದ ಹೊದಿಕೆಗಳು ನಾಲ್ಕು, ಪತಾಕೆಗಳು ಹನ್ನೊಂದು. ಜರ್ಸಿಗಳು ಇಪ್ಪತ್ತೆರಡಿರಬೇಕು. ಬೆಂಚಿನ ಮೇಲೆ ಒದ್ದೆಯಾಗಿ ರಾಶಿ ಬಿದ್ದಿದ್ದವನ್ನು ಎಣಿಸಿದರೆ ಇಪ್ಪತ್ತೊಂದು. ಇಪ್ಪತ್ತೆರಡನೆಯದು ಮೂಲೆಯಲ್ಲಿ ಕುಳಿತಿತ್ತು, ನೆವ್ ಸ್ಕಲಿಯ ಮೈಮೇಲೆ. ಅವನು ಬೂಟನ್ನೂ ಬಿಚ್ಚಿರಲಿಲ್ಲ.

"ಮಿಸ್, ನನ್ ಗೋಲು ಹೋಯ್ತಾ?"

ನ್ಯಾಯದ ಬಗ್ಗೆ ಅವರಲ್ಲಿ ಬೇಕಾದಷ್ಟು ವಾಕ್ಯಗಳು ಸಿದ್ಧವಿದ್ದವು. ಅವನ್ನು ಬದಿಗಿಟ್ಟು ಅವನ ಪಕ್ಕ ಕುಳಿತರು. "ಹೋಯ್ತು ನೆವ್."

"ಆದ್ರೆ ನಾನು ಹೊಡೆದೆ."

"ಹೊಡೆದೆ. ಎಡಗಾಲಲ್ಲಿ. ನಾನ್ ನೋಡಿದೆ."

ನೆವ್ ಮೊಣಕಾಲು ತಿಕ್ಕಿಕೊಂಡ. "ನಿಮ್ ಮೇಲೆ ಸಿಟ್ಟಿದೆ ನಂಗೆ," ಎಂದ.

"ಇರ್ಲಿ. ಅದು ನ್ಯಾಯವಾದದ್ದೇ."

ಬಾರ್ನಿ ಬಾಗಿಲಲ್ಲಿ ಕಾಣಿಸಿಕೊಂಡು, ಅವರ ಮುಖ ನೋಡದೆ ಗೋಡೆಗೆ ಮಾತಾಡಿದ. "ಆ ಮನುಷ್ಯ ಕಾಯ್ತಿದಾನೆ. ನೆವ್, ಜರ್ಸಿ ಬಿಚ್ಚೋ. ಸಂಘಕ್ಕೆ ಕೊಡ್ಬೇಕಂತೆ." ನೆವ್ ಎರಡೂ ಕೈಯಿಂದ ಜರ್ಸಿಯ ಅಂಚು ಹಿಡಿದುಕೊಂಡ, ಬಿಚ್ಚಲಿಲ್ಲ. ಬಾರ್ನಿಯ ದನಿ ಮೆತ್ತಗಾಯಿತು. "ಇಪ್ಪತ್ತೆರಡು ಅಂತ ಬರೀರಿ ಮಿಸ್. ಯಾರ್ ಎಣಿಸ್ತಾರೆ?"

"ನಾನು," ಎಂದರು ಮಿಸ್ ಪ್ರೌಡ್‌ಫುಟ್.

ಪೆನ್ನು ತೆರೆದು, ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು, ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರಗಳಲ್ಲಿ ಅವರು ಬರೆದರು: ಜರ್ಸಿಗಳು, ಇಪ್ಪತ್ತೊಂದು. ಇನ್ನೊಂದು ನೆವಿಲ್ ಸ್ಕಲಿಯ ಮೈಮೇಲಿದೆ. ಬೇಕಾದವರು ಬಂದು ಬಿಚ್ಚಿಕೊಳ್ಳತಕ್ಕದ್ದು.

ಕೆಳಗೆ ಸಹಿ ಹಾಕಿ, ಹಾಳೆ ಮಡಿಸಿ ಬಾರ್ನಿಯ ಕೈಗಿತ್ತರು. ಬಾರ್ನಿ ಓದಿದ. ಅವನ ತುಟಿಯ ಒಂದು ಮೂಲೆ ತನ್ನ ಸಿಟ್ಟಿನ ಅಪ್ಪಣೆ ಕೇಳದೆಯೇ ಮೇಲಕ್ಕೆ ಹೋಯಿತು. ಅವನು ಹಾಳೆ ಹಿಡಿದುಕೊಂಡು ಕಾರಿನ ಕಡೆಗೆ ನಡೆದ.