ನಿಧಾನದ ಗುಂಪು

ಆಸ್ಪತ್ರೆಯವರು ಅಕ್ಕನನ್ನು ಕೆಲಸದಿಂದ ನಿಲ್ಲಿಸಿ ಆರು ದಿನವಾಗಿತ್ತು. ಅವಳ ವಾರ್ಡಿನಲ್ಲಿ ಒಬ್ಬ ಹೆಂಗಸಿಗೆ ಔಷಧಿ ಎರಡು ಪಟ್ಟು ಹೋಗಿ ಜೀವ ಹೋಗಿತ್ತು. ನರ್ಸು, ಅಂದರೆ ಅಕ್ಕ, ಔಷಧಿ ಹನಿಸುವ ಪಂಪಿನ ಗುಂಡಿ ತಪ್ಪಾಗಿ ಒತ್ತಿದ್ದಾಳೆ ಎಂದು ವರದಿ. ಆ ಪಂಪಿನ ಸಾಫ್ಟ್‌ವೇರ್ ನಮ್ಮ ಆಫೀಸಿನದು. ಅದಕ್ಕೆ ಟೆಸ್ಟ್ ಬರೆಯುವವನು ನಾನು.

ಬ್ಯಾಟರಿ ಬದಲಿಸಿದ ಮೇಲೆ ಹೀಗಾಯಿತೆಂದು ವರದಿಯಲ್ಲೇ ಇತ್ತು. ಬ್ಯಾಟರಿ ಬದಲಿಸಿದರೆ ಪಂಪು ಕೊಟ್ಟದ್ದನ್ನು ಮರೆತು ಮತ್ತೆ ಮೊದಲಿನಿಂದ ಕೊಡುತ್ತದೆಯೇ ಎಂದು ನೋಡುವ ಟೆಸ್ಟನ್ನು ನಾನೇ ಬರೆದಿದ್ದೆ. ಆದರೂ ಕೋಡು ಜೋಡಿಸಿ ಟೆಸ್ಟ್ ಓಡಿಸುವ ಬಿಲ್ಡ್ ದಿನಾ ಹಸಿರೇ ತೋರಿಸುತ್ತಿತ್ತು, ಅಂದರೆ ಎಲ್ಲ ಪಾಸು.

ಬಿಲ್ಡ್ ಫೈಲು ತೆರೆದೆ. ಕೋಡು ಕಂಪೈಲ್ ಆದೊಡನೆ ಯಾವ ಟೆಸ್ಟುಗಳು ಓಡಬೇಕೆಂಬ ಪಟ್ಟಿ ಅದರಲ್ಲಿರುತ್ತದೆ. ನಾವೆಲ್ಲ ಮೇಷ್ಟ್ರು ಎನ್ನುವ ಹಿರಿಯ ಎಂಜಿನಿಯರ್ ಅದನ್ನು ಎರಡು ಗುಂಪು ಮಾಡಿದ್ದರು. ಬೇಗದವು ತಾವಾಗಿ ಓಡುತ್ತವೆ. ನಿಧಾನದವನ್ನು ಯಾರಾದರೂ ಕೈಯಾರೆ ಓಡಿಸಬೇಕು. ಯಾರು? ಅವರಪ್ಪನೇ? ನನ್ನ ಟೆಸ್ಟ್ ನಿಧಾನದ ಗುಂಪಿನಲ್ಲಿ ಬಿದ್ದಿತ್ತು. ಓಡಿಸಿದೆ. ಹನ್ನೊಂದು ಸೆಕೆಂಡು. ಕೆಂಪು, ಫೇಲು.

"ಹನ್ನೊಂದು ಸೆಕೆಂಡಿಗೆ ನಿಮ್ಮ ಗಂಟೇನು ಹೋಗ್ತಿತ್ತು ಸಾರ್?" ಎಂದು ಮೇಷ್ಟ್ರ ಮೇಜಿಗೇ ಹೋಗಿ ಕೇಳಿದೆ.

"ಬಿಲ್ಡು ಆಮೆ ಥರ ಅಂತ ಮೊದಲು ಬೊಬ್ಬೆ ಹೊಡೆದೋನು ನೀನೇ ಅಲ್ವೇನಯ್ಯಾ?" ಎಂದರು ಮೇಷ್ಟ್ರು.

ನಿಜ. ಬಾಯಿಬಡುಕ ನಾನೇ.

"ತಪ್ಪು ಪಂಪಿಂದು ಅಂತ ಬರೆದುಕೊಡಿ."

"ನೋಡು ಹತ್ತನೇ ಕ್ಲಾಸು," ಎಂದರು. ಹತ್ತಕ್ಕೇ ಓದು ಬಿಟ್ಟ ನನಗೆ ಅವರಿಟ್ಟ ಹೆಸರು ಅದು. "ಎಲ್ಲಾ ಟೆಸ್ಟೂ ಪಾಸು ಅಂತ ಸಾಫ್ಟ್‌ವೇರ್ ಬಿಡುಗಡೆ ಹಾಳೆ ಮೇಲೆ ಯಾರ ಸಹಿ ಇದೆ? ಹೋಗಿ ನೋಡ್ಕೊ."

ನೋಡುವುದೇನು ಬಂತು. ನನ್ನದೇ.

ಮನೆಯಲ್ಲಿ ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಮಾಡದ ತಪ್ಪಿಗೆ ವಿವರಣೆ ಬರೆಯುತ್ತಿದ್ದಳು. ಎಲ್ಲ ಹೇಳಿದೆ.

"ಅಂದ್ರೆ ನಾನು ಸರಿಯಾಗೇ ಒತ್ತಿದ್ದೆ?"

"ಹೂಂ ಅಕ್ಕಾ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ನೀನು ಬರೆದಿದ್ದು ಓಡ್ತಿದೆಯಾ ಅಂತ ಒಂದಿನಾನೂ ನೋಡ್ಲಿಲ್ವೇನೋ?" ಎಂದಳು.

"ಹಸಿರಿತ್ತು ಅಕ್ಕಾ."

"ತೀರಿಕೊಂಡ ಆಯಮ್ಮನ ಮಗಳು ಎಲ್ಲರೆದುರಿಗೆ ನನ್ನ ಮುಖಕ್ಕೆ ಉಗಿದ್ಲು ಕಣೋ."

ಅವಳ ಕೈಯಿಂದ ಪೆನ್ನು ಕಿತ್ತುಕೊಂಡು ಬರೆದೆ. ಟೆಸ್ಟ್ ಇತ್ತು, ಓಡಿರಲಿಲ್ಲ, ತಪ್ಪು ಪಂಪಿನದು. ಕೆಳಗೆ ಸಹಿ ಹಾಕಿದೆ. ಅಕ್ಕ ಎರಡು ಸಲ ಓದಿದಳು.

"ನಿನ್ನ ಒಂದು ಸಹಿ ಪಾಸು ಅನ್ನುತ್ತೆ, ಇನ್ನೊಂದು ಫೇಲು ಅನ್ನುತ್ತೆ. ಯಾವುದನ್ನ ನಂಬ್ತಾರೋ?"

ಯಾವುದು ಅವರಿಗೆ ಅನುಕೂಲವೋ ಅದನ್ನು.