ಕಸ ಹಾಕಿ ಬರುವಷ್ಟು ಹೊತ್ತು

ಅಡುಗೆಮನೆಯ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವಳು ಕಸದ ಚೀಲಕ್ಕೆ ಗಂಟು ಹಾಕುತ್ತಿದ್ದಳು. ಪ್ಲಾಸ್ಟಿಕ್ ಚೀಲ ಸರಪರ ಅನ್ನಬಾರದು. ಅದಕ್ಕೇ ಒಳಗಿನ ಗಾಳಿಯನ್ನು ಅಂಗೈಯಿಂದ ಮೆತ್ತಗೆ ಒತ್ತಿ ತೆಗೆದು, ಬಾಯಿ ಮಡಚಿ, ಒಂದು ಗಂಟು, ಅದರ ಮೇಲೊಂದು ಗಂಟು. ಪಕ್ಕದ ಕೋಣೆಯಲ್ಲಿ ನಾಲ್ಕು ವರ್ಷದ ಮಗ ಆಡುತ್ತಿದ್ದ. ಗೋಂದಿನ ಹಾಗೆ ಅಮ್ಮನಿಗೇ ಮೆತ್ತಿಕೊಂಡಿರುವ ಅವನನ್ನು ಮನೆಯವರೆಲ್ಲ ಅಂಟು ಎಂದೇ ಕರೆಯುತ್ತಿದ್ದರು. ಅಂಟುವಿನ ಕಿವಿ ಬಲು ಚುರುಕು.

ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳದು ಕಾಲರ್ ಕೂರಿಸುವ ಕೆಲಸ. ಒಂದು ಕಾಲರೂ ಸೊಟ್ಟ ಹೋಗಬಾರದು, ಹೋಗುತ್ತಲೂ ಇರಲಿಲ್ಲ. ಆದರೆ ಎಂಟು ಗಂಟೆ ಕೂತಲ್ಲೇ ಕೂತು, ಪೆಡಲ್ ಒತ್ತುವ ಬಲಗಾಲು ಜೋಮು ಹಿಡಿಯತೊಡಗಿತ್ತು. ಡಾಕ್ಟರಮ್ಮ ನೋಡಿ ನೇರವಾಗಿಯೇ ಹೇಳಿದ್ದರು: "ದಿನಾ ಅರ್ಧ ಗಂಟೆ ಬಿರುಸಾಗಿ ನಡೀಬೇಕು. ಇಲ್ಲಾಂದ್ರೆ ಇನ್ನಾರು ತಿಂಗಳಿಗೆ ಮೆಷಿನ್ ಮುಂದೆ ಕೂರೋಕೇ ಆಗಲ್ಲ." ಅವಳಿಗೆ ಬೇರೆ ಕಸುಬು ಗೊತ್ತಿರಲಿಲ್ಲ; ಬೇರೆ ಬೇಕೂ ಇರಲಿಲ್ಲ.

ಅರ್ಧ ಗಂಟೆ! ಹೇಳುವವರಿಗೇನು. ಬೆಳಗ್ಗೆ ಐದೂವರೆಗೆ ಅಲಾರಂ ಇಟ್ಟಳು. ಅದಕ್ಕಿಂತ ಐದು ನಿಮಿಷ ಮೊದಲೇ ಅಂಟು ಎದ್ದು ಕೂತ. ಮಧ್ಯಾಹ್ನದ ಬಿಡುವಿನಲ್ಲಿ ನಡೆದಳು, ಊಟವೇ ಆಗಲಿಲ್ಲ. ಸಂಜೆ ಬರಿಗೈಯಲ್ಲಿ ಬಾಗಿಲ ತನಕ ಹೋದರೆ ಸಾಕು, ಮನೆಗೆ ಮನೆಯೇ ಎಚ್ಚೆತ್ತುಕೊಳ್ಳುತ್ತಿತ್ತು. "ನಾನೂ ಬರ್ತೀನಿ" ಎಂದು ಅಂಟು. "ನನ್ನ ಮಗ್ಗಿ ಯಾರು ಒಪ್ಪಿಸ್ಕೋತಾರೆ?" ಎಂದು ಒಂಬತ್ತು ವರ್ಷದ ಮಗಳು. "ಹೇಗೂ ಹೋಗ್ತಿದ್ದೀಯಲ್ಲ, ನನ್ನ ಮಾತ್ರೆ ತಗೊಂಡು ಬಾರಮ್ಮ" ಎಂದು ಅತ್ತೆ.

ಆಗ ಕೈಹಿಡಿದದ್ದು ಕಸ. ಬೀದಿ ಮೂಲೆಯ ತೊಟ್ಟಿ ತುಂಬಿ ತುಳುಕುತ್ತಿದ್ದ ಒಂದು ದಿನ ಮುಂದಿನ ಬೀದಿಗೆ ಹೋಗಿ ಹಾಕಿ ಬಂದಳು. ಯಾರೂ ಕೇಳಲಿಲ್ಲ. ಮರುದಿನ ಅದರಾಚೆಯ ಬೀದಿ. ಆಗಲೂ ಕೇಳಲಿಲ್ಲ. ಕೇಳಿದರೆ ಚೀಲ ತಮ್ಮ ಕೈಗೇ ಬಂದೀತೆಂದು ಎಲ್ಲರಿಗೂ ಜಾಣಗಿವುಡು. ವಾರದೊಳಗೆ ಪಾರ್ಕಿಗೆ ಆರು ಸುತ್ತು ಹಾಕಿ, ಕೊನೆಗೆ ಗೇಟಿನ ಪಕ್ಕದ ತೊಟ್ಟಿಗೆ ಚೀಲ ಎಸೆದು ಬರುವುದು ರೂಢಿಯಾಯಿತು. ತಿಂಗಳಲ್ಲಿ ಕಾಲು ಹಗುರಾಯಿತು. ಕಸ ಕಡಿಮೆಯಾದ ದಿನ ಕಾರ್ಖಾನೆಯ ಬಟ್ಟೆ ಚೂರು ತಂದು ಚೀಲ ತುಂಬಿಸಿದಳು.

ಅತ್ತೆಗೆ ಮಾತ್ರ ಅನುಮಾನ. "ಐದು ಜನರ ಮನೇಲಿ ಐವತ್ತು ಜನರ ಕಸ. ಅದಿರಲಿ, ಕಸ ಹಾಕೋಕೆ ಯಾರಮ್ಮ ಲೇಸ್ ಬಿಗಿದು ಬೂಟು ಹಾಕ್ಕೋತಾರೆ?"

"ರಸ್ತೇಲಿ ಗಾಜು ಬಿದ್ದಿರತ್ತೆ ಅತ್ತೆ."

"ಹೂಂ. ದಿನಾ ಬೀಳತ್ತೆ, ಪಾಪ."

ಅವಳು ಸದ್ದಿಲ್ಲದೆ ಗಂಟು ಹಾಕಿ ಹೊರಟ ಈ ಸಂಜೆಯೇ ಗುಟ್ಟು ರಟ್ಟಾಯಿತು, ಗಂಡನ ಅಂಗಡಿಯಲ್ಲಿ. ಅವನು ಕ್ಷೌರಿಕ. 'ದಿನವಿಡೀ ನಿಂತೇ ಇರ್ತೀನಿ, ಅದೇ ವ್ಯಾಯಾಮ' ಎನ್ನುವವನು. ಕುರ್ಚಿಯಲ್ಲಿ ಕೂತ ಗಿರಾಕಿಯ ತಲೆಗೆ ಅವನ ಹೊಟ್ಟೆಯೇ ದಿಂಬು. ಆ ದಿಂಬಿಗೊರಗಿ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಪೋಸ್ಟ್‌ಮ್ಯಾನ್ ಕೇಳಿದ: "ನಿಮ್ಮನೆಯವರಿಗೆ ತೊಟ್ಟಿ ಎಲ್ಲಿದೆ ಅಂತ ಗೊತ್ತಿಲ್ವಾ? ದಿನಾ ಕಸ ಹಿಡ್ಕೊಂಡು ಪಾರ್ಕ್ ಸುತ್ತಾನೇ ಇರ್ತಾರೆ. ತೊಟ್ಟಿ ಮುಂದೇನೇ ಆರು ಸಲ ಹೋಗ್ತಾರೆ!"

"ನನಗೊಂದು ಮಾತು ಹೇಳಬಾರದಿತ್ತಾ?" ಮನೆಗೆ ಬಂದವನೇ ಗಂಡ ಕೇಳಿದ. ದನಿಯಲ್ಲಿ ಸಿಟ್ಟಿಗಿಂತ ಬೇಜಾರೇ ಹೆಚ್ಚಿತ್ತು.

"ಹೇಳಿದ್ದೆ ರೀ. 'ನಡಿ, ಯಾರು ಬೇಡ ಅಂದ್ರು' ಅಂದ್ರಿ."

"ಮತ್ತೆ? ಬೇಡ ಅಂದಿಲ್ಲ ತಾನೆ?"

"ಬೇಡ ಅನ್ನಲಿಲ್ಲ. ಅಂಟುನ ಎತ್ಕೊಳ್ಳಲೂ ಇಲ್ಲ."

ಅವನು ತಲೆ ಕೆರೆದುಕೊಂಡ. ಒಳ್ಳೆಯ ಮನುಷ್ಯ, ತಪ್ಪು ತಿಳಿದರೆ ತಿದ್ದಿಕೊಳ್ಳಲು ಆತುರ ಜಾಸ್ತಿ. "ಸರಿ ಬಿಡು. ನಾಳೆ ಅಂಗಡಿಗೆ ವಾರದ ರಜೆ. ನಾವೆಲ್ಲ ನಿನ್ನ ಜೊತೆ ಬರ್ತೀವಿ!"

"ಎಲ್ಲರೂನಾ?" ಎಂದಳು ಅವಳು.

ಮರುದಿನ ಸಂಜೆ ದಂಡು ಹೊರಟಿತು. ನೀರಿನ ಬಾಟಲಿ ಎರಡು, ಕೊಡೆ ಒಂದು, ಅಂಟುವಿನ ಮೂರು ಚಕ್ರದ ಸೈಕಲ್ಲು, ಪಾರ್ಕಿನ ಬೆಂಚು ತಣ್ಣಗಿರುತ್ತದೆಂದು ಅತ್ತೆಗೊಂದು ಕಂಬಳಿ. ನೂರು ಹೆಜ್ಜೆಗೆ ಅಂಟು ಸೈಕಲ್ ಬಿಟ್ಟು ಅಮ್ಮನ ಸೊಂಟ ಏರಿದ. ಸೈಕಲ್ಲು ಅಪ್ಪನ ಹೆಗಲೇರಿತು. "ಏಳೆಂಟ್ಲಿ ಎಷ್ಟು ಅಂತ ಕೇಳಮ್ಮಾ" ಎಂದು ಮಗಳು ತೋಳು ಜಗ್ಗಿದಳು. ಪರಿಚಯದವರು ಸಿಕ್ಕಲ್ಲೆಲ್ಲ ಅತ್ತೆ ನಿಂತರು, ಅವರಿಗೋ ಊರೆಲ್ಲ ಪರಿಚಯ. "ವ್ಯಾಯಾಮ ಮಾಡ್ತಿದ್ದೀವಿ" ಎಂದು ನಿಂತಲ್ಲೇ ನಿಂತು ವಿವರಿಸಿದರು. ಅರ್ಧ ಗಂಟೆಯಲ್ಲಿ ಮುಗಿದದ್ದು ಒಂದು ಸುತ್ತು, ಅದೂ ಮುಕ್ಕಾಲು. ಎಲ್ಲರಿಗಾಗಿ ನಿಂತೂ ನಿಂತೂ ಅವಳ ಬಲಗಾಲಿನಲ್ಲಿ ಇರುವೆ ಹರಿದಂತಾಯಿತು.

ದಂಡು ಬೆಂಚಿನ ಮೇಲೆ ಕುಸಿಯಿತು. ಗಂಡನ ಅಂಗಿ ಬೆವರಿಗೆ ಬೆನ್ನು ಕಚ್ಚಿತ್ತು. ಮುಖ ಮಾತ್ರ ಗೆದ್ದವನದು.

"ಎಷ್ಟು ಚೆನ್ನಾಗಿತ್ತಲ್ವೇನೇ! ಇನ್ಮೇಲೆ ದಿನಾ ಬರೋಣ. ಬೇಕಾದ್ರೆ ಅಂಗಡಿ ಬೇಗ ಮುಚ್ತೀನಿ."

"ನನ್ನ ಕಂಬಳಿ ಮರೀಬೇಡಿ" ಎಂದರು ಅತ್ತೆ.

ಅವಳಿಗೆ ಅಳುವೂ ಬಂತು, ನಗುವೂ ಬಂತು. ನಗುವೇ ಒಂದು ಹೆಜ್ಜೆ ಮುಂದಿತ್ತು. ಇಷ್ಟು ಪ್ರೀತಿಯಿಂದ ಸೈಕಲ್ ಹೊತ್ತು ಬಂದವರಿಗೆ ಬೇಡ ಅನ್ನುವುದು ಹೇಗೆ? ಅನ್ನದಿದ್ದರೆ ಕಾಲು ಹೋಗುತ್ತದೆ, ಕಾಲಿನ ಹಿಂದೆಯೇ ಕೆಲಸ. ಅಂಟುವನ್ನು ಸೊಂಟದಿಂದ ಬಿಡಿಸಿ ಅಪ್ಪನ ತೊಡೆಯ ಮೇಲೆ ಕೂರಿಸಿದಳು. ಗಂಡ ಬಾಟಲಿ ಎತ್ತಿ ಗಟಗಟ ಕುಡಿಯುತ್ತಿದ್ದ. ಅತ್ತೆ ಚಪ್ಪಲಿಯೊಳಗಿನ ಕಲ್ಲು ಕೊಡವುತ್ತಿದ್ದರು. ಮಗಳು ಬೆರಳು ಮಡಚುತ್ತ ಏಳರ ಮಗ್ಗಿಯಲ್ಲಿ ಸಿಕ್ಕಿಕೊಂಡಿದ್ದಳು.

"ರೀ," ಎಂದಳು, "ಅಂಗಡಿ ಬೇಗ ಮುಚ್ಚಿ. ಆದ್ರೆ ನೀವೆಲ್ಲ ಮನೇಲೇ ಇರಿ. ನಾಳೆಯಿಂದ ನಾನೊಬ್ಬಳೇ ನಡೀತೀನಿ. ಅರ್ಧ ಗಂಟೆ ಅಂಟುನ ನೋಡ್ಕೊಳ್ಳಿ."

ಗಂಡ ಕುಡಿಯುತ್ತಲೇ ಇದ್ದ. ಬಾಟಲಿ ಖಾಲಿಯಾಗಿ ಆಗಲೇ ಸ್ವಲ್ಪ ಹೊತ್ತಾಗಿತ್ತು.