ಎರಡು ಕೀಲಿಯ ಬೀಗ

ಕಾರ್ತೀಕದ ಚಳಿ ಆಗಷ್ಟೇ ಶುರುವಾಗಿತ್ತು. ರಾಗಿ ಕುಯ್ಲಿನ ದಿನಗಳು. ಕುಡುಗೋಲು ತಟ್ಟಿಸಲು ಬಂದವರು ವೀರಾಚಾರಿಯ ಕುಲುಮೆಯ ಮುಂದೆ ಬೀಡಿ ಸೇದುತ್ತ ಕೂತಿದ್ದರು. ಅವರ ಕೆಲಸದ ನಡುನಡುವೆಯೇ, ಹಳೆ ಗಾಡಿಚಕ್ರದ ಪಟ್ಟಿಯ ತುಂಡಿನಿಂದ ನಾನು ಹುಟ್ಟಿದೆ. ನಾನೊಂದು ಬೀಗ. ನನಗೆ ಎರಡು ಕೀಲಿ. ಎರಡೂ ತಿರುಗಿದರಷ್ಟೇ ಬಾಯಿ ಬಿಡುತ್ತೇನೆ.

"ಎರಡ್ಯಾಕೆ ಆಚಾರ್ರೇ?" ಎಂದು ಯಾರೋ ಕೇಳಿದರು.

"ಒಂದು ಪಂಚಾಯ್ತಿ ಅಧ್ಯಕ್ಷರಿಗೆ, ಇನ್ನೊಂದು ಕಾರ್ಯದರ್ಶಿಗೆ. ಅವರನ್ನ ಕಂಡ್ರೆ ಇವರಿಗೆ ನಂಬಿಕೆ ಇದ್ದಿದ್ರೆ ನಂಗೆ ಅರ್ಧ ದಿನದ ಕೆಲಸ ಉಳೀತಿತ್ತು!"

ಅನುಮಾನದಲ್ಲೇ ಹುಟ್ಟಿದವನು ನಾನು. ಪಂಚಾಯ್ತಿ ಕಚೇರಿಯ ಕಬ್ಬಿಣದ ಪೆಟ್ಟಿಗೆಗೆ ಜೋತುಬಿದ್ದೆ. ಸಂತೆ ಸುಂಕದಲ್ಲಿ ಒಂದು ಪಾಲು ವಾರವಾರವೂ ಅದರೊಳಗೆ ಬೀಳುತ್ತಿತ್ತು. ಊರಿನಲ್ಲಿ ಯಾರಿಗಾದರೂ ಸಾವು, ನೋವು, ಬೆಂಕಿ ಎಂದು ದಿಢೀರನೆ ಕಷ್ಟ ಬಂದರೆ ಅವತ್ತೇ ಕೈಗೆ ಕೊಡುವ ದುಡ್ಡು ಅದು.

ಮೊದಮೊದಲು ಕೇಳಿದವರಿಗೆಲ್ಲ ಕೊಟ್ಟರು. ಆಮೇಲೆ ಚಿಕ್ಕೀರ ಎಂಬವನು ತಾಯಿಯ ಮಣ್ಣಿಗೆಂದು ಅತ್ತು ಕರೆದು ಐನೂರು ಒಯ್ದ. ಮುಂದಿನ ಸಂತೆಯಲ್ಲಿ ಆ ತಾಯಿ ಬದನೆಕಾಯಿ ಚೌಕಾಸಿ ಮಾಡುತ್ತ ನಿಂತಿದ್ದಳು. ಊರೆಲ್ಲ ನಕ್ಕಿತು, ಪಂಚಾಯ್ತಿ ನಗಲಿಲ್ಲ. ಕಟ್ಟಳೆ ಬಂತು: ಬೇರೆ ಕೇರಿಯವರೊಬ್ಬರು ಸಾಕ್ಷಿ ಹೇಳಬೇಕು, ಸುಳ್ಳಾದರೆ ಸಾಕ್ಷಿಯೇ ದುಡ್ಡು ಕಟ್ಟಬೇಕು. ಅಂದಿನಿಂದ ಬಾಗಿಲಿಗೆ ಬಂದವರ ಕಣ್ಣೀರನ್ನೆಲ್ಲ ನಾನೂ ಓರೆಗಣ್ಣಲ್ಲೇ ನೋಡಿದೆ.

ಅಧ್ಯಕ್ಷರು ಬದಲಾದರು, ಕಾರ್ಯದರ್ಶಿಗಳು ಬದಲಾದರು. ಕೀಲಿಗಳು ಸೊಂಟದಿಂದ ಸೊಂಟಕ್ಕೆ ಹೋದವು. ರತ್ನಮ್ಮ ಅಧ್ಯಕ್ಷೆಯಾಗಿದ್ದಾಗ ಒಂದು ಬೆಳಿಗ್ಗೆ ಕರಿಯಮ್ಮ ಓಡಿ ಬಂದಳು. ತೆಂಗಿನಕಾಯಿ ಕೀಳುವ ಗಂಡ ಮರದಿಂದ ಬಿದ್ದಿದ್ದ. ಜಿಲ್ಲಾಸ್ಪತ್ರೆಗೆ ಸೇರಿಸಿದ್ದರು, ಹೊರಗೆ ಸ್ಕ್ಯಾನ್ ಮಾಡಿಸಲು ಮೂರು ಸಾವಿರ ಬೇಕಿತ್ತು. ಹನ್ನೊಂದರ ಬಸ್ಸು ಹಿಡಿಯಬೇಕಿತ್ತು.

"ಸಾಕ್ಷಿ ಎಲ್ಲವ್ವ?" ಎಂದರು ರತ್ನಮ್ಮ.

"ಯಾರೂ ಬರಕ್ಕಿಲ್ಲ ಅಂತಾರೆ ಕಣಕ್ಕ. ನಾಳೆ ನಾವೇ ದುಡ್ಡು ಕಟ್ಟಬೇಕಾಗಿ ಬಂದ್ರೆ ಅಂತಾರೆ."

ಬಾಗಿಲಲ್ಲಿ ನೆರೆದಿದ್ದವರ ಹಿಂದಿನಿಂದ ಒಬ್ಬ ಮುದುಕ ಮುಂದೆ ಬಂದ. ಚಿಕ್ಕೀರ.

"ನಾನು ಹೇಳ್ತೀನವ್ವ ಸಾಕ್ಷಿ. ಬಿದ್ದಿದ್ದು ನನ್ನ ಕಣ್ಣಾರೆ ಕಂಡೆ."

"ನಿಮ್ಮವ್ವ ಸತ್ತಿದ್ದನ್ನೂ ಕಣ್ಣಾರೆ ಕಂಡಿದ್ದೆಯಲ್ಲಪ್ಪ?" ಎಂದ ಕಾರ್ಯದರ್ಶಿ. ಎಲ್ಲರೂ ಗೊಳ್ಳೆಂದರು. ನಿಜ ಹೇಳಬೇಕೆಂದರೆ ನನಗೂ ನಗು ಬಂತು. ಇವರಿಬ್ಬರೂ ಸೇರಿಯೇ ಬಂದಿದ್ದಾರೆ ಎಂದುಕೊಂಡೆ.

ಕರಿಯಮ್ಮ ಕದಲಲಿಲ್ಲ. ರತ್ನಮ್ಮ ಕಾರ್ಯದರ್ಶಿಯ ಮುಖ ನೋಡಿ, ಸೆರಗಿನ ಗಂಟಿನಲ್ಲಿದ್ದ ಕೀಲಿಯನ್ನು ಒತ್ತಿ ಹಿಡಿದು, ಮೆಲ್ಲಗೆ ಅಂದರು: "ಪೆಟ್ಟಿಗೇಲಿ ದುಡ್ಡೇ ಇಲ್ಲ ಕಣೆ ತಾಯಿ. ಇದ್ದಿದ್ರೆ ಕೊಡ್ತಿರಲಿಲ್ವಾ?"

ನನ್ನ ಹಿಂದೆ ನೋಟಿನ ಕಂತೆಗಳಿದ್ದವು. ಆದರೆ ಕೀಲಿ ತಿರುಗದೆ ನಾನು ಬಾಯಿ ಬಿಡುವಂತಿರಲಿಲ್ಲ. ಹನ್ನೊಂದರ ಬಸ್ಸು ಹಾರನ್ ಹೊಡೆದು ಹೋಯಿತು. ಅವಳು ತವರಿನ ತಾಮ್ರದ ಹಂಡೆ ಮಾರಿ ಸಂಜೆ ಬಸ್ಸಿಗೆ ಹೋದಳೆಂದು ಆಮೇಲೆ ಕೇಳಿದೆ.

ಎರಡು ವರ್ಷದ ಮೇಲೆ ಮೇಲಿನಿಂದ ಆದೇಶ ಬಂತು. ಇನ್ನು ಪೆಟ್ಟಿಗೆ ಬೇಡ, ಕಷ್ಟದಲ್ಲಿರುವವರು ಕಂಪ್ಯೂಟರಿನಲ್ಲಿ ಅರ್ಜಿ ಹಾಕಲಿ, ತಾಲ್ಲೂಕಿನವರು ತನಿಖೆ ಮಾಡಿ ತಿಂಗಳೊಳಗೆ ಬ್ಯಾಂಕಿಗೆ ಹಾಕುತ್ತಾರೆ. ಗ್ರಾಮಸಭೆ ಸೇರಿಸಿ ಎಲ್ಲರೆದುರು ನನ್ನನ್ನು ಕಡೆಯ ಸಲ ತೆರೆದರು. ನಲವತ್ತೆರಡು ಸಾವಿರದ ಆರುನೂರು ಇತ್ತು. ಪುಸ್ತಕಕ್ಕೆ ತಾಳೆಯಾಯಿತು.

"ನೋಡಿ, ಒಂದು ಪೈಸೆ ಆಚೀಚೆ ಆಗಿಲ್ಲ!" ಎಂದರು ರತ್ನಮ್ಮ. ಜನ ಚಪ್ಪಾಳೆ ತಟ್ಟಿದರು.

ಬಾಗಿಲ ಹತ್ತಿರ, ಕುಂಟುವ ಗಂಡನನ್ನು ತೋಳಿಗಾನಿಸಿಕೊಂಡು ಕರಿಯಮ್ಮ ನಿಂತಿದ್ದಳು.

"ಅಕ್ಕಾ, ಇದು ಎಷ್ಟು ವರ್ಷದ ದುಡ್ಡು? ಹಂಗಾರೆ ಅವತ್ತೂ ಇತ್ತಾ?"

ರತ್ನಮ್ಮ ಕಾರ್ಯದರ್ಶಿಯನ್ನು ನೋಡಿದರು. ಅವನು ಪುಸ್ತಕ ಮುಚ್ಚಿದ.

ಈಗ ನಾನು ಗುಜರಿಯವನ ಗೋಣಿಚೀಲದಲ್ಲಿದ್ದೇನೆ, ಕೀಲಿಗಳೆರಡೂ ಪಕ್ಕದಲ್ಲೇ ಇವೆ. ಬಂದವರನ್ನೆಲ್ಲ ಕಳ್ಳರೆಂದೇ ಬಗೆದು ದುಡ್ಡು ಕಾದದ್ದೇ ನನ್ನ ಆಯುಸ್ಸಾಯಿತು. ಏನೂ ಕಳುವಾಗಲಿಲ್ಲ, ನಿಜ. ಕರಿಯಮ್ಮನಿಗೆ ಕೊಡಬೇಕಾದ ಮೂರು ಸಾವಿರ ಮಾತ್ರ ಇನ್ನೂ ಬಾಕಿ.